ಸೀರೆಯ ಕೆಂಪು ತೆರೆಯಲ್ಲೂ ಅದೇ ಕೆಂಪಾಗಿ ಕಾಣಬೇಕಾದರೆ

ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಉಂಟು. ಕೈಮಗ್ಗದ ಹತ್ತಿ ಸೀರೆ. ಮೈಯಲ್ಲಿ ಗೆರೆ ಅಥವಾ ಚೌಕುಳಿ, ಅಂಚಿನಲ್ಲಿ ಕುಸುರಿ. ಈಗ ಅದನ್ನು ಕೊಳ್ಳುವವರಲ್ಲಿ ತುಂಬಾ ಜನ ಮೊದಲು ನೋಡುವುದು ಫೋನಿನಲ್ಲಿ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತು, ಫೋಟೋ ನೋಡಿ, ಇದೇ ಬೇಕು ಅಂತ ಆರಿಸುತ್ತಾರೆ. ಪಾರ್ಸೆಲ್ ಬಿಚ್ಚಿದರೆ ಬೇಸರ. ಫೋಟೋದಲ್ಲಿ ಕುಂಕುಮದ ಕೆಂಪು ಇತ್ತು, ಕೈಗೆ ಬಂದದ್ದು ಇಟ್ಟಿಗೆಯ ಕೆಂಪು. ನೇಯ್ದವರದ್ದು ತಪ್ಪಿಲ್ಲ, ಕೊಂಡವರದ್ದೂ ತಪ್ಪಿಲ್ಲ. ಬಣ್ಣ ಹಾಳಾದದ್ದು ಇಬ್ಬರ ನಡುವಿನ ಫೋಟೋದಲ್ಲಿ.

ಯಕ್ಷಗಾನದ ಫೋಟೋಗಳದ್ದೂ ಇದೇ ಕಥೆ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಬಣ್ಣದ ವೇಷ ನೋಡಿ, ರಾಕ್ಷಸರಂಥ ಪಾತ್ರಗಳದ್ದು. ಮುಖದಲ್ಲಿ ಕೆಂಪು, ಕಪ್ಪು, ಅದರ ಮೇಲೆ ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಸಾಲು ಸಾಲಾಗಿ ಇಟ್ಟ ಬಿಳಿ ಚುಟ್ಟಿ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಗಂಟೆಗಟ್ಟಲೆ ಕೂತು ಬರೆದ ಮುಖ ಅದು. ಫೋಟೋದಲ್ಲಿ ಎಷ್ಟೋ ಸಲ ಕೆಂಪೆಲ್ಲ ಒಂದೇ ಮುದ್ದೆಯಾಗಿ, ಚುಟ್ಟಿ ಬರೀ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಕಲಾವಿದರ ಅಷ್ಟು ಹೊತ್ತಿನ ಕೆಲಸ ನೋಡುಗರಿಗೆ ಮುಟ್ಟುವುದೇ ಇಲ್ಲ.

ಫೋಟೋದ ಬಣ್ಣ ಸರಿಯಾಗಿ ತಲುಪಿಸುವ ವಿದ್ಯೆ ಕಷ್ಟದ್ದು ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ದುಬಾರಿ ಸಾಫ್ಟ್‌ವೇರ್ ಬೇಕು, ಅದರಲ್ಲಿ ಏನೇನೋ ಎಳೆದಾಡಬೇಕು ಅಂತ. ನನ್ನ ಅನುಭವ ಬೇರೆ. ಬಣ್ಣ ಕೆಡುವುದು ಹೆಚ್ಚಾಗಿ ಕಂಪ್ಯೂಟರ್ ಆನ್ ಮಾಡುವ ಮೊದಲೇ, ಫೋಟೋ ತೆಗೆಯುವ ಬೆಳಕಿನಲ್ಲಿ. ಅಲ್ಲಿ ಬಚಾವಾದದ್ದು ಕೊನೆಯಲ್ಲಿ, ಫೈಲ್ ಕಳಿಸುವಾಗ ಕೆಡುತ್ತದೆ. ಈ ಎರಡು ತುದಿ ಗಟ್ಟಿಯಾದರೆ ನಡುವಿನ ಎಡಿಟಿಂಗ್ ಐದು ನಿಮಿಷದ ಕೆಲಸ.

ಫೈಲಿನೊಳಗೆ ಇರುವುದು ಬರೀ ಸಂಖ್ಯೆ

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳೋಣ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಫೋಟೋ ಫೈಲಿನಲ್ಲಿ ಬಣ್ಣ ಇರುವುದಿಲ್ಲ, ಸಂಖ್ಯೆ ಇರುತ್ತದೆ. ಪ್ರತಿ ಚುಕ್ಕೆಗೂ ಮೂರು ಸಂಖ್ಯೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಒಂದೊಂದೂ 0ಯಿಂದ 255ರ ತನಕ. ಮೂರನ್ನೂ ಬೇರೆ ಬೇರೆ ಥರ ಸೇರಿಸಿದರೆ 1 ಕೋಟಿ 67 ಲಕ್ಷಕ್ಕಿಂತ ಜಾಸ್ತಿ ಬಣ್ಣಗಳಾಗುತ್ತವೆ.

ಆದರೆ ‘ಕೆಂಪು 255’ ಅಂದರೆ ಯಾವ ಕೆಂಪು? ಯಾರಾದರೂ ಬಂದು ‘ಅಡಿಕೆ ಮೂರು ಉಂಟು’ ಅಂದರೆ ನಾವು ಕೇಳುವುದಿಲ್ವಾ, ಮೂರು ಕಿಲೋನಾ, ಮೂರು ಗೋಣಿಯಾ, ಮೂರು ಕ್ವಿಂಟಲಾ ಅಂತ? ಅಳತೆ ಗೊತ್ತಿಲ್ಲದೆ ಸಂಖ್ಯೆ ಇಟ್ಟುಕೊಂಡು ವ್ಯಾಪಾರ ಮಾಡಲಾಗದು. ಫೋಟೋದ ಸಂಖ್ಯೆಗಳಿಗೆ ಅಳತೆ ಹೇಳುವುದಕ್ಕೆ ಕಲರ್ ಸ್ಪೇಸ್ ಅನ್ನುತ್ತಾರೆ. ಯಾವ ಅಳತೆ ಅನ್ನುವುದನ್ನು ಬರೆದು ಫೈಲಿನ ಒಳಗೇ ಇಡುವ ಸಣ್ಣ ದಾಖಲೆ ಪ್ರೊಫೈಲ್. 1993ರಲ್ಲಿ ಕೆಲವು ಕಂಪೆನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಕಟ್ಟಿ, ಈ ದಾಖಲೆ ಹೇಗಿರಬೇಕು ಅಂತ ನಿಗದಿ ಮಾಡಿದವು. ಅದಕ್ಕೇ ಇದನ್ನು ಐಸಿಸಿ ಪ್ರೊಫೈಲ್ ಅಂತ ಕರೆಯುವುದು.

ನಮಗೆ ಮುಖ್ಯವಾಗಿ ಬೇಕಾದ ಅಳತೆಗಳು ಮೂರೇ. ಒಂದು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು, ಆಗಿನ ಡಬ್ಬಿ ಮಾನಿಟರುಗಳು ತೋರಿಸಬಲ್ಲ ಬಣ್ಣಗಳನ್ನು ಲೆಕ್ಕದಲ್ಲಿಟ್ಟುಕೊಂಡು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಇಂಟರ್‌ನೆಟ್ ಇವತ್ತಿಗೂ ನಡೆಯುವುದು ಬಹುಪಾಲು ಇದರ ಮೇಲೆ. ಎರಡನೆಯದು 1998ರ ಅಡೋಬಿ ಆರ್‌ಜಿಬಿ. ಮುದ್ರಣದವರಿಗೆ ಬೇಕಾದ ಗಾಢ ಹಸಿರು, ಹಸಿರುನೀಲಿ ಬಣ್ಣಗಳು ಅದರಲ್ಲಿ ಜಾಸ್ತಿ. ಮೂರನೆಯದು ಡಿಸ್‌ಪ್ಲೇ ಪಿ3. 2016ರ ಐಫೋನ್ 7ರಿಂದ ಆಪಲ್ ಫೋನುಗಳು ಫೋಟೋ ತೆಗೆಯುವುದು ಇದರಲ್ಲಿ. ಕೆಂಪು, ಕಿತ್ತಳೆ, ಹಸಿರು ಇದರಲ್ಲಿ ಎಸ್‌ಆರ್‌ಜಿಬಿಗಿಂತ ಗಾಢವಾಗಿ ಹೋಗುತ್ತವೆ.

ಅಳತೆ ತಪ್ಪಿದರೆ ಏನಾಗುತ್ತದೆ? ಎಸ್‌ಆರ್‌ಜಿಬಿಯಲ್ಲಿ ಕೆಂಪು 255, ಹಸಿರು 0, ನೀಲಿ 0 ಇರುವ ಅಪ್ಪಟ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ ಕೆಂಪು 219 ಆಗುತ್ತದೆ. ಬಣ್ಣ ಅದೇ, ಸಂಖ್ಯೆ ಬೇರೆ. ಈಗ ಆ ಫೈಲಿನ ಪ್ರೊಫೈಲ್ ಎಲ್ಲೋ ಕಳೆದುಹೋಯಿತು ಅಂತಿಟ್ಟುಕೊಳ್ಳಿ. ಓದುವ ಬ್ರೌಸರ್ 219 ಅನ್ನುವುದನ್ನು ಎಸ್‌ಆರ್‌ಜಿಬಿಯ 219 ಅಂತಲೇ ಓದುತ್ತದೆ. ಅದು ಮಂಕು ಕೆಂಪು. ‘ಕ್ಯಾಮೆರಾದಲ್ಲಿ ಚೆನ್ನಾಗಿತ್ತು, ಹಾಕಿದ ಮೇಲೆ ಬಣ್ಣವೇ ಹೋಯಿತು’ ಅನ್ನುವ ದೂರಿಗೆ ಎಷ್ಟೋ ಸಲ ಇದೊಂದೇ ಕಾರಣ.

ನಿಮ್ಮ ಕ್ಯಾಮೆರಾ ಯಾವುದರಲ್ಲಿದೆ ಅಂತ ತಿಳಿಯಲು ಫೈಲಿನ ಹೆಸರು ನೋಡಿದರೂ ಸಾಕು. ಹೆಚ್ಚಿನ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಅಡೋಬಿ ಆರ್‌ಜಿಬಿ ಆರಿಸಿದ್ದರೆ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಜೆಪೆಗ್ ತೆಗೆದು ನೇರ ಆನ್‌ಲೈನಿಗೆ ಹಾಕುವವರಾದರೆ ಮೆನುವಿಗೆ ಹೋಗಿ ಎಸ್‌ಆರ್‌ಜಿಬಿ ಮಾಡಿಬಿಡಿ. ರಾ ಫೈಲ್, ಅಂದರೆ ಸೆನ್ಸರ್ ಕಂಡದ್ದನ್ನು ತಿದ್ದದೆ ಹಾಗೇ ಇಡುವ ಫೈಲ್, ತೆಗೆಯುವವರಿಗೆ ಈ ಸೆಟ್ಟಿಂಗ್ ದೊಡ್ಡ ವಿಷಯವಲ್ಲ. ರಾ ಫೈಲಿಗೆ ಕಲರ್ ಸ್ಪೇಸ್ ಸಿಗುವುದು ನಂತರ, ಕಂಪ್ಯೂಟರಿನಲ್ಲಿ.

ಬೆಳಕು

ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ. ನಮ್ಮ ಊರಿನ ಬೆಳಕು ಚಂದ, ಆದರೆ ಬಣ್ಣದ ಮಟ್ಟಿಗೆ ಮೋಸದ್ದು.

ಬಿಳಿ ಬಟ್ಟೆ ಬಿಸಿಲಿನಲ್ಲೂ ಬಿಳಿ, ಬಲ್ಬಿನ ಕೆಳಗೂ ಬಿಳಿ ಅಂತಲೇ ನಮಗೆ ಕಾಣುತ್ತದೆ. ಕಣ್ಣು, ಮಿದುಳು ಎರಡೂ ಸೇರಿ ಬೆಳಕಿನ ಛಾಯೆಯನ್ನು ಕಳೆದುಬಿಡುತ್ತವೆ. ಕ್ಯಾಮೆರಾಕ್ಕೆ ಆ ಶಕ್ತಿ ಇಲ್ಲ. ಅದು ಬಂದ ಬೆಳಕನ್ನು ಬಂದ ಹಾಗೆ ದಾಖಲಿಸುತ್ತದೆ. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳೆಯ ತಂತಿ ಬಲ್ಬು ಸುಮಾರು 2700, ಹಳದಿ. ಮಧ್ಯಾಹ್ನದ ಬಿಸಿಲು 5500ರ ಹತ್ತಿರ. ಮಳೆಗಾಲದ ಆಟಿ ತಿಂಗಳ ಮೋಡ ಕವಿದ ಹಗಲು 6500, ಅದಕ್ಕಿಂತಲೂ ಮೇಲೆ. ನೀಲಿ ಆಕಾಶದ ಬೆಳಕು ಮಾತ್ರ ಬೀಳುವ ನೆರಳಿನಲ್ಲಿ 7000, 8000 ಆಗುವುದೂ ಉಂಟು. ಅಂಕೆ ಏರಿದಷ್ಟೂ ಬೆಳಕು ನೀಲಿ. ಈ ಛಾಯೆಯನ್ನು ಕಳೆಯುವ ಕೆಲಸಕ್ಕೆ ವೈಟ್ ಬ್ಯಾಲೆನ್ಸ್ ಅಂತ ಹೆಸರು.

ಆಟೋ ವೈಟ್ ಬ್ಯಾಲೆನ್ಸ್ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಚಿತ್ರವನ್ನು ನೋಡಿ ಊಹೆ ಮಾಡುತ್ತದೆ. ಚಿತ್ರದ ತುಂಬಾ ಒಂದೇ ಬಣ್ಣವಿದ್ದರೆ ಊಹೆ ತಪ್ಪುತ್ತದೆ. ಚೌಕಟ್ಟು ತುಂಬುವ ಹಾಗೆ ಕೆಂಪು ಸೀರೆ ಹಿಡಿದಿರೋ, ಬೆಳಕೇ ಕೆಂಪಗಿದೆ ಅಂತ ಅಂದುಕೊಂಡು ಅದನ್ನು ತಣ್ಣಗೆ ಮಾಡುತ್ತದೆ. ಪಕ್ಕದಲ್ಲೇ ಹಸಿರು ಸೀರೆ ಹಿಡಿದರೆ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಹತ್ತು ಸೀರೆಗೆ ಹತ್ತು ಥರದ ಬೆಳಕು ಅಂತ ತಿಳಿದು ಹತ್ತು ಥರ ತಪ್ಪು ಮಾಡುತ್ತದೆ. ಆಟೋ ಬಿಟ್ಟುಬಿಡಿ. ಬೆಳಕು ಬದಲಾಗದಿರುವಾಗ ಒಂದೇ ಸೆಟ್ಟಿಂಗ್ ಇಟ್ಟರೆ, ತಪ್ಪಿದ್ದರೂ ಎಲ್ಲದರಲ್ಲೂ ಒಂದೇ ತಪ್ಪು. ಒಟ್ಟಿಗೆ ಸರಿ ಮಾಡಬಹುದು.

ಕೆಲ್ವಿನ್ ಅಳೆಯುವುದು ಹಳದಿ ಮತ್ತು ನೀಲಿಯ ನಡುವಿನ ಓಲಾಟ. ಇನ್ನೊಂದು ಓಲಾಟ ಹಸಿರು ಮತ್ತು ಮಜೆಂಟಾ, ಅಂದರೆ ನೇರಳೆಗುಲಾಬಿ, ಇವುಗಳ ನಡುವೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಟಿಂಟ್ ಅನ್ನುತ್ತಾರೆ. ಅಡಿಕೆ ತೋಟದ ಮನೆಗಳಲ್ಲಿ ಜನರಿಗೆ ಗೊತ್ತಾಗದೆ ಕೈಕೊಡುವುದು ಇದೇ. ಸೋಗೆಗಳ ನಡುವಿನಿಂದ ಸೋಸಿ, ಎಲೆಗಳಿಗೆ ಬಡಿದು ಇಳಿದ ಬೆಳಕು ಹಸಿರಾಗಿರುತ್ತದೆ. ತೋಟದ ಬದಿಯಲ್ಲಿ ಮದುಮಗಳನ್ನು ನಿಲ್ಲಿಸಿ ತೆಗೆದ ಫೋಟೋದಲ್ಲಿ ಮುಖ ಯಾಕೋ ಸಪ್ಪೆ, ಕಾಯಿಲೆ ಬಿದ್ದವರ ಹಾಗೆ ಅನ್ನಿಸುವುದು ಆ ಹಸಿರಿನಿಂದ. ಬ್ರೈಟ್‌ನೆಸ್ ಏರಿಸಿ ಪ್ರಯೋಜನ ಇಲ್ಲ. ಟಿಂಟನ್ನು ಮಜೆಂಟಾ ಕಡೆಗೆ ಸ್ವಲ್ಪ ತಳ್ಳಿದರೆ ಮುಖಕ್ಕೆ ಜೀವ ಬರುತ್ತದೆ.

ಅಂಗಳಕ್ಕೆ ನೀಲಿ ಟರ್ಪಾಲ್ ಕಟ್ಟಿದ್ದರಂತೂ ಅದರಡಿಯಲ್ಲಿ ಬಣ್ಣದ ಕೆಲಸ ಮಾಡಲೇಬೇಡಿ. ಮುರಕಲ್ಲಿನ ಗೋಡೆ, ಕೆಂಪು ಮಣ್ಣಿನ ಅಂಗಳವೂ ಸುಮ್ನೆ ಇರುವುದಿಲ್ಲ. ಬಿಸಿಲು ಬಿದ್ದರೆ ಕೆಳಗಿನಿಂದ ಕೆಂಪು ಬೆಳಕನ್ನು ಬಟ್ಟೆಯ ಮೇಲೆ ಎಸೆಯುತ್ತವೆ. ಸೀರೆಯ ಮೇಲಿನ ಅರ್ಧ ಒಂದು ಬಣ್ಣ, ಕೆಳಗಿನ ಅರ್ಧ ಇನ್ನೊಂದು ಬಣ್ಣ ಕಂಡರೆ ನೆಲದ ಕಡೆ ನೋಡಿ.

ಪರಿಹಾರ ಅಗ್ಗದ್ದು: ಒಂದು ಗ್ರೇ ಕಾರ್ಡ್. ಬಂದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು, ಯಾವ ಛಾಯೆಯನ್ನೂ ಸೇರಿಸದೆ ಹಿಂದಕ್ಕೆ ಕಳಿಸುವ ಬೂದು ಹಲಗೆ. ಸೀರೆ ಇರುವ ಜಾಗದಲ್ಲೇ, ಸೀರೆ ಮುಖ ಮಾಡಿದ ದಿಕ್ಕಿಗೇ ಅದನ್ನು ಹಿಡಿದು ಒಂದು ಫೋಟೋ ತೆಗೆಯಿರಿ. ಆಮೇಲೆ ಸೀರೆಗಳ ಫೋಟೋ ತೆಗೆಯುತ್ತಾ ಹೋಗಿ. ಕಂಪ್ಯೂಟರಿನಲ್ಲಿ ಮೊದಲ ಫೋಟೋ ತೆರೆದು, ವೈಟ್ ಬ್ಯಾಲೆನ್ಸಿನ ಡ್ರಾಪರ್ ಚಿಹ್ನೆಯಿಂದ ಬೂದು ಭಾಗವನ್ನು ಒತ್ತಿದರೆ ಅಲ್ಲಿ ಮೂರೂ ಸಂಖ್ಯೆ ಸಮ ಆಗುತ್ತವೆ. ಅದೇ ಸೆಟ್ಟಿಂಗನ್ನು ಉಳಿದ ಎಲ್ಲ ಫೋಟೋಗಳಿಗೆ ಅಂಟಿಸಿ. ಮುಗಿಯಿತು. ಬೆಳಕು ಬದಲಾದರೆ, ಮೋಡ ಬಂದರೆ, ಮತ್ತೊಮ್ಮೆ ಕಾರ್ಡ್ ಹಿಡಿಯಿರಿ. ಜಾಸ್ತಿ ಖಚಿತತೆ ಬೇಕಾದವರಿಗೆ 24 ಬಣ್ಣದ ಚೌಕಗಳಿರುವ ಚಾರ್ಟ್ ಸಿಗುತ್ತದೆ. ಸಾಫ್ಟ್‌ವೇರ್ ಅದನ್ನು ಓದಿ ನಿಮ್ಮ ಕ್ಯಾಮೆರಾಕ್ಕೇ ಒಂದು ಪ್ರೊಫೈಲ್ ಮಾಡಿಕೊಡುತ್ತದೆ. ದಿನಾ ಸೀರೆ ಮಾರುವವರು ಅದಕ್ಕೆ ದುಡ್ಡು ಹಾಕಬಹುದು. ಉಳಿದವರಿಗೆ ಗ್ರೇ ಕಾರ್ಡ್ ಧಾರಾಳ.

ಗ್ರೇ ಕಾರ್ಡ್ ಇಲ್ಲದಾಗ ಬಿಳಿ ಪಂಚೆ ಹಿಡಿಯುವ ಅಭ್ಯಾಸ ಕೆಲವರಿಗೆ ಉಂಟು. ಅದು ಬೇಡ. ಪಂಚೆಗೆ ನೀಲಿ ಹಾಕಿ ಒಗೆದಿರುತ್ತಾರೆ. ಸೋಪಿನ ಪುಡಿಯಲ್ಲಿ, ಬಿಳಿ ಕಾಗದದಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ಅದು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಬಿಳಿ ಅಂತ ನಂಬಿ ಅದನ್ನು ಒತ್ತಿದರೆ ಇಡೀ ಫೋಟೋ ಹಳದಿಗೆ ತಿರುಗುತ್ತದೆ.

ಮನೆಯೊಳಗೆ ತೆಗೆಯುವುದಾದರೆ ಒಂದೇ ಥರದ ಬೆಳಕು ಇರಲಿ. ಚಾವಡಿಯಲ್ಲಿ ಒಂದು ಕಡೆಯಿಂದ ಹಗಲು, ಇನ್ನೊಂದು ಕಡೆಯಿಂದ ಎಲ್‌ಇಡಿ ಬಲ್ಬು ಬಿದ್ದರೆ ಯಾವ ಸೆಟ್ಟಿಂಗೂ ಎರಡನ್ನೂ ಸರಿ ಮಾಡದು. ಬಲ್ಬು ಆರಿಸಿ, ಬಾಗಿಲು ತೆರೆಯಿರಿ. ನೇರ ಬಿಸಿಲು ಬೀಳದ, ಮೋಡದ ಹಗಲಿನ ಜಗಲಿ ಬಟ್ಟೆಯ ಫೋಟೋಗೆ ಒಳ್ಳೆಯ ಜಾಗ.

ಎಲ್‌ಇಡಿಯಲ್ಲೇ ತೆಗೆಯಬೇಕಾದರೆ ಬಲ್ಬಿನ ಡಬ್ಬಿಯ ಮೇಲಿನ ಸಿಆರ್‌ಐ ಅಂಕೆ ನೋಡಿ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ರಲ್ಲಿ ಕೊಡುವ ಅಂಕ ಅದು. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. ಆದರೆ ಒಂದು ವಿಷಯ ಡಬ್ಬಿಯಲ್ಲಿ ಹೆಚ್ಚಾಗಿ ಬರೆದಿರುವುದಿಲ್ಲ. ಆ ಅಂಕ ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಅಂತ ಬೇರೆಯೇ ಅಂಕ. ಸಾದಾ ಎಲ್‌ಇಡಿಯಲ್ಲಿ ಗಾಢ ಕೆಂಪಿನ ಬೆಳಕು ಕಡಿಮೆ. ಬೆಳಕಿನಲ್ಲೇ ಇಲ್ಲದ ಬಣ್ಣ ಬಟ್ಟೆಯಿಂದ ಹಿಂದೆ ಬರುವುದು ಹೇಗೆ? ಕೆಂಪು ಸೀರೆ ಕಂದು ಆಗುವುದು, ಚರ್ಮ ಬೂದಿ ಬಡಿದ ಹಾಗೆ ಕಾಣುವುದು ಇದರಿಂದ. ಇದನ್ನು ನಂತರ ಎಡಿಟ್ ಮಾಡಿ ತರಲಿಕ್ಕೆ ಹೋದರೆ ಉಳಿದ ಬಣ್ಣಗಳೂ ಕೆಡುತ್ತವೆ. ಕೆಂಪಿನ ಕೆಲಸಕ್ಕೆ ಬಲ್ಬು ಕೊಳ್ಳುವಾಗ ಆರ್9 ಎಷ್ಟು ಅಂತ ಕೇಳಿ ಕೊಳ್ಳಿ.

ರಾತ್ರಿ ಯಕ್ಷಗಾನ ಆಟದ ಫೋಟೋ ತೆಗೆಯುವವರು ಇದೇ ಪ್ರಶ್ನೆ ಕೇಳುತ್ತಾರೆ. ರಂಗಸ್ಥಳದ ಮೇಲೆ ನೀಲಿ, ನೇರಳೆ ಎಲ್‌ಇಡಿ ಬಿಟ್ಟಿದ್ದರೆ ವೇಷದ ನಿಜವಾದ ಬಣ್ಣ ಸಿಗದು. ನೀಲಿ ಬೆಳಕಿನಲ್ಲಿ ಕೆಂಪು ಬಟ್ಟೆ ಕಪ್ಪೇ. ಅಲ್ಲಿ ಕಾಣುವುದನ್ನು ಕಂಡ ಹಾಗೆ ತೆಗೆಯುವುದು ಸರಿ, ಆ ರಾತ್ರಿಯ ಆಟ ಹಾಗೇ ಇತ್ತು. ಆದರೆ ಮುಖವರ್ಣಿಕೆಯನ್ನು, ಆಭರಣವನ್ನು ದಾಖಲೆಗಾಗಿ ತೆಗೆಯುವುದಾದರೆ ಜಾಗವೇ ಬೇರೆ. ಕಲಾವಿದರ ಒಪ್ಪಿಗೆ ಕೇಳಿ, ಚೌಕಿಯ ಬಿಳಿ ಬೆಳಕಿನಲ್ಲಿ ಗ್ರೇ ಕಾರ್ಡ್ ಇಟ್ಟು ತೆಗೆಯಿರಿ. ಈ ಕಲೆಯ ಬಣ್ಣಗಳು ಮುಂದಿನವರಿಗೆ ಸರಿಯಾಗಿ ಸಿಗಬೇಕು ಅನ್ನುವ ಆಸೆ ನನಗೆ ತುಂಬಾ ಉಂಟು. ಮಂಕಾದ ಫೋಟೋ ನೋಡಿ ಬಣ್ಣ ಕಲಿತವರು ಮಂಕು ಬಣ್ಣವನ್ನೇ ಬಳಿಯುತ್ತಾರೆ.

ಕೆಂಪಿನೊಳಗಿನ ಮಡಿಕೆ

ಫೋಟೋ ತೆಗೆಯುವಾಗಲೇ ಇನ್ನೊಂದು ಎಚ್ಚರ ಬೇಕು. ಕೆಂಪು ಸೀರೆಯ ಮೇಲೆ ಒಳ್ಳೆ ಬೆಳಕು ಬಿದ್ದಿದೆ. ಹಸಿರು, ನೀಲಿಯ ಸಂಖ್ಯೆಗಳು ಎಲ್ಲೋ 20, 40ರಲ್ಲಿರುತ್ತವೆ. ಕೆಂಪು ಮಾತ್ರ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಮಡಿಕೆಯ ಮೇಲ್ಭಾಗವೂ 255, ಪಕ್ಕದ ಇಳಿಜಾರೂ 255. ನೆರಳು ಬೆಳಕಿನ ವ್ಯತ್ಯಾಸವೇ ಇಲ್ಲ, ನೂಲಿನ ಎಳೆ ಮಾಯ. ಬಣ್ಣದ ವೇಷದ ಕೆಂಪು ಮುದ್ದೆಯಾಗುವುದೂ ಹೀಗೆಯೇ.

ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್, ಅಂದರೆ ಕತ್ತಲಿನಿಂದ ಬೆಳಕಿನ ತನಕ ಎಷ್ಟೆಷ್ಟು ಚುಕ್ಕೆ ಉಂಟು ಅಂತ ಗುಡ್ಡದ ಹಾಗೆ ತೋರಿಸುವ ನಕ್ಷೆ, ಇದನ್ನು ಹೇಳುವುದಿಲ್ಲ. ಅದು ಒಟ್ಟು ಹೊಳಪು ಮಾತ್ರ ತೋರಿಸುತ್ತದೆ, ಮತ್ತು ಹೊಳಪಿನ ಲೆಕ್ಕದಲ್ಲಿ ಹಸಿರಿಗೇ ದೊಡ್ಡ ಪಾಲು. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಮೆನುವಿನಲ್ಲಿರುತ್ತದೆ, ಅದನ್ನು ಹಾಕಿ. ಕೆಂಪಿನ ಗುಡ್ಡ ಬಲಗೋಡೆಗೆ ತಾಗಿದ್ದರೆ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಸ್ವಲ್ಪ ಇಳಿಸಿ, ಮತ್ತೆ ತೆಗೆಯಿರಿ. ಚುಟ್ಟಿಯ ಬಿಳಿಗೂ ಇದೇ ಮದ್ದು. ಪಿಕ್ಚರ್ ಸ್ಟೈಲ್ ‘ವಿವಿಡ್’, ‘ಲ್ಯಾಂಡ್‌ಸ್ಕೇಪ್’ ಅಂತ ಇದ್ದರೆ ‘ನ್ಯೂಟ್ರಲ್’ಗೆ ತನ್ನಿ. ಫೋನುಗಳಲ್ಲಿ ದೃಶ್ಯವನ್ನು ತಾನೇ ಗುರುತಿಸಿ ಬಣ್ಣ ಏರಿಸುವ ಸೌಲಭ್ಯ ಇದ್ದರೆ ಅದನ್ನು ನಿಲ್ಲಿಸಿ. ಬೇಕಲ ಕೋಟೆಯ ಸಂಜೆಗೆ ಅದು ಇರಲಿ, ಸೀರೆಗೆ ಬೇಡ.

ಚೌಕುಳಿ ಸೀರೆಯಲ್ಲಿ ಇನ್ನೊಂದು ತೊಂದರೆ. ಸಣ್ಣ ಸಣ್ಣ ಗೆರೆಗಳು ಸೆನ್ಸರಿನ ಚುಕ್ಕೆಗಳ ಸಾಲಿಗೆ ಎದುರಾದಾಗ ಬಟ್ಟೆಯಲ್ಲಿ ಇಲ್ಲದ ಕಾಮನಬಿಲ್ಲಿನ ಅಲೆಗಳು ಏಳುತ್ತವೆ. ಇದಕ್ಕೆ ಮೊಯ್ರೆ ಅನ್ನುತ್ತಾರೆ. ಒಂದು ಹೆಜ್ಜೆ ಹಿಂದೆ ಮುಂದೆ ಹೋದರೆ, ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿದರೆ ಹೋಗುತ್ತದೆ. ಫೋಟೋ ಚಿಕ್ಕದು ಮಾಡುವಾಗಲೂ ಇದು ಏಳಬಹುದು. ಹಾಗಾಗಿ ಚಿಕ್ಕದು ಮಾಡಿದ ಮೇಲೆ ನೂರಕ್ಕೆ ನೂರು ಗಾತ್ರದಲ್ಲಿ ಒಮ್ಮೆ ನೋಡಲೇಬೇಕು. ಉದ್ದದ ಹಾಸು ನೂಲಿಗೆ ಒಂದು ಬಣ್ಣ, ಅಡ್ಡದ ಹೊಕ್ಕು ನೂಲಿಗೆ ಇನ್ನೊಂದು ಬಣ್ಣ ಇಟ್ಟು ನೇಯ್ದ ಸೀರೆಯಾದರೆ ಅದಕ್ಕೆ ‘ನಿಜವಾದ ಬಣ್ಣ’ ಒಂದೇ ಅಂತ ಇಲ್ಲ, ನೋಡುವ ಕೋನಕ್ಕೆ ಬದಲಾಗುತ್ತದೆ. ಎರಡು ಕೋನದಿಂದ ಎರಡು ಫೋಟೋ ಹಾಕಿ.

ನೀವು ನೋಡುವ ತೆರೆ

ತೆರೆ ಸರಿ ಇಲ್ಲದೆ ಬಣ್ಣ ತಿದ್ದಲು ಕೂತರೆ, ತೆರೆಯ ದೋಷವನ್ನೇ ಫೋಟೋಗೆ ಬಳಿದ ಹಾಗಾಗುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ‘45 ಶೇಕಡಾ ಎನ್‌ಟಿಎಸ್‌ಸಿ’ ಅಂತ ಬರೆದಿರುತ್ತದೆ. ಅಂದರೆ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಸುಮಾರು 60 ಶೇಕಡಾ ಮಾತ್ರ ಅದು ತೋರಿಸಬಲ್ಲದು. ಅದರಲ್ಲಿ ಕೆಂಪು ಸಪ್ಪೆಯಾಗಿ ಕಂಡಿತು ಅಂತ ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸಿದರೆ, ಒಳ್ಳೆಯ ತೆರೆಯಲ್ಲಿ ಆ ಕೆಂಪು ಕಣ್ಣಿಗೆ ಕುಕ್ಕುತ್ತದೆ. ‘100 ಶೇಕಡಾ ಎಸ್‌ಆರ್‌ಜಿಬಿ’ ಅಂತ ಬರೆದ ಐಪಿಎಸ್ ಮಾನಿಟರ್ ಸಾಕು. ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇದ್ದರೆ ಅದನ್ನೇ ಹಾಕಿ.

ಕಲರಿಮೀಟರ್ ಅಂತ ಒಂದು ಸಾಧನ ಉಂಟು. ತೆರೆಯ ಮೇಲೆ ಇಟ್ಟರೆ ಬಣ್ಣಗಳನ್ನು ಅಳೆದು ಆ ತೆರೆಗೆ ಪ್ರೊಫೈಲ್ ಮಾಡಿಕೊಡುತ್ತದೆ. ಗುರಿ ಹೀಗಿರಲಿ: ಬಿಳಿ ಡಿ65, ಅಂದರೆ ಸುಮಾರು 6500 ಕೆಲ್ವಿನ್, ಗಾಮಾ, ಅಂದರೆ ಕಪ್ಪಿನಿಂದ ಬಿಳಿಗೆ ಹೊಳಪು ಏರುವ ಕ್ರಮ, 2.2, ಹೊಳಪು ಸುಮಾರು 120 ನಿಟ್. ಊರಿನ ನಾಲ್ಕೈದು ಫೋಟೋಗ್ರಾಫರುಗಳು ಸೇರಿ ಒಂದು ಕೊಂಡರೆ ಎಲ್ಲರಿಗೂ ಆಗುತ್ತದೆ. ದಿನಾ ಬೇಕಾಗುವ ವಸ್ತು ಅಲ್ಲ ಅದು.

ಸಾಧನ ಇಲ್ಲದಿದ್ದರೂ ಮಾಡಬಹುದಾದದ್ದು ಬೇಕಾದಷ್ಟಿದೆ. ನೈಟ್ ಲೈಟ್ ಆರಿಸಿ, ಅದು ತೆರೆಯನ್ನು ಹಳದಿ ಮಾಡುತ್ತದೆ. ಹೊಳಪು ತಾನಾಗಿ ಏರಿಳಿಯುವುದನ್ನು ನಿಲ್ಲಿಸಿ. ಹೊಳಪನ್ನು ಪೂರ್ತಿ ಏರಿಸಿ ಕೆಲಸ ಮಾಡಬೇಡಿ, ಹಾಗೆ ಮಾಡಿದವರ ಫೋಟೋ ಬೇರೆಯವರಿಗೆ ಕತ್ತಲಾಗಿ ಕಾಣುತ್ತದೆ. ಸಾಫ್ಟ್‌ವೇರಿನ ಹಿನ್ನೆಲೆ ಬೂದು ಇರಲಿ. ಫೋನಿನಲ್ಲೇ ತಿದ್ದುವವರು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ವಿವಿಡ್’ ಇದ್ದರೆ ‘ನ್ಯಾಚುರಲ್’ ಮಾಡಿ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತದೆ.

ತೆರೆಯನ್ನು ನಂಬಲಾಗದಾಗ ಸಂಖ್ಯೆ ನೋಡಿ. ಬೂದು ಜಾಗದಲ್ಲಿ ಮೂರೂ ಸಮ ಉಂಟಾ, ಕೆಂಪು 255ಕ್ಕೆ ತಾಗಿದೆಯಾ? ಸಂಖ್ಯೆ ಯಾವ ತೆರೆಯಲ್ಲೂ ಒಂದೇ.

ಕಳಿಸುವ ಮೊದಲು

ಎಡಿಟ್ ಮುಗಿಯಿತು. ಈಗ ಫೋಟೋವನ್ನು ಎಸ್‌ಆರ್‌ಜಿಬಿಗೆ ತರಬೇಕು. ಸಾಫ್ಟ್‌ವೇರಿನಲ್ಲಿ ಎರಡು ಆಯ್ಕೆ ಅಕ್ಕಪಕ್ಕ ಕಾಣಿಸುತ್ತವೆ: ಕನ್ವರ್ಟ್ ಮತ್ತು ಅಸೈನ್. ಕನ್ವರ್ಟ್ ಮಾಡಿದರೆ ಬಣ್ಣ ಹಾಗೇ ಇರುತ್ತದೆ, ಸಂಖ್ಯೆಗಳು ಹೊಸ ಅಳತೆಗೆ ತಕ್ಕ ಹಾಗೆ ಬದಲಾಗುತ್ತವೆ. ಅಸೈನ್ ಮಾಡಿದರೆ ಸಂಖ್ಯೆ ಹಾಗೇ ಉಳಿದು ಅಳತೆ ಮಾತ್ರ ಬದಲಾಗುತ್ತದೆ, ಬಣ್ಣ ಕೆಡುತ್ತದೆ. ನಮಗೆ ಬೇಕಾದದ್ದು ಕನ್ವರ್ಟ್. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಇಮೇಜ್ ಮೆನುವಿನ ಕಲರ್ ಮ್ಯಾನೇಜ್‌ಮೆಂಟ್ ಒಳಗೆ ಇದು ಸಿಗುತ್ತದೆ. ಡಾರ್ಕ್‌ಟೇಬಲ್, ರಾಥೆರಪಿ ಕೂಡ ಉಚಿತ. ಅವುಗಳಲ್ಲಿ ಎಕ್ಸ್‌ಪೋರ್ಟ್ ಮಾಡುವಾಗಲೇ ಎಸ್‌ಆರ್‌ಜಿಬಿ ಆರಿಸಬಹುದು.

ಕನ್ವರ್ಟ್ ಮಾಡುವಾಗ ಎಸ್‌ಆರ್‌ಜಿಬಿಯೊಳಗೆ ಹಿಡಿಸದ ಬಣ್ಣಗಳು ಗಡಿಯಲ್ಲಿ ಕತ್ತರಿಸಿಹೋಗುತ್ತವೆ. ಪರ್ಸೆಪ್ಚುವಲ್ ಅನ್ನುವ ಆಯ್ಕೆ ಎಲ್ಲವನ್ನೂ ನಯವಾಗಿ ಒಳಗೆ ಕುಗ್ಗಿಸುತ್ತದೆ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಅದಕ್ಕೆ ಬೇಕಾದ ಪಟ್ಟಿಯೇ ಇರುವುದಿಲ್ಲ, ಹಾಗಾಗಿ ಯಾವುದನ್ನು ಆರಿಸಿದರೂ ಕತ್ತರಿಸುವುದೇ ನಡೆಯುತ್ತದೆ. ಇದಕ್ಕೆ ಸಾಫ್ಟ್ ಪ್ರೂಫ್, ಅಂದರೆ ಕನ್ವರ್ಟ್ ಆದ ಮೇಲೆ ಹೇಗೆ ಕಾಣುತ್ತದೆ ಅಂತ ಮೊದಲೇ ತೋರಿಸುವ ಸೌಲಭ್ಯ, ಆನ್ ಮಾಡಿ ನೋಡಿ. ಗಡಿ ದಾಟಿದ ಜಾಗಗಳಿಗೆ ಸಾಫ್ಟ್‌ವೇರ್ ಗುರುತು ಹಾಕಿ ತೋರಿಸುತ್ತದೆ. ಆ ಬಣ್ಣದ ಸ್ಯಾಚುರೇಶನನ್ನು ಕೈಯಾರೆ ಸ್ವಲ್ಪ ಇಳಿಸಿದರೆ ಮಡಿಕೆ, ನೂಲು ಉಳಿಯುತ್ತವೆ. ಬಣ್ಣ ಒಂದು ಪಾಲು ಕಡಿಮೆಯಾದರೂ ನೇಯ್ಗೆ ಕಾಣುವುದು ಮುಖ್ಯ ಅಂತ ನನ್ನ ಅಭಿಪ್ರಾಯ.

ಕನ್ವರ್ಟ್ ಆದ ಮೇಲೆ ಪ್ರೊಫೈಲನ್ನು ಫೈಲಿನೊಳಗೆ ಸೇರಿಸಲು ಮರೆಯಬೇಡಿ, ಎಕ್ಸ್‌ಪೋರ್ಟ್ ಪುಟದಲ್ಲಿ ಅದಕ್ಕೊಂದು ಟಿಕ್ ಇರುತ್ತದೆ. ಅದು ನಾಲ್ಕೈದು ಕಿಲೋಬೈಟ್‌ಗಿಂತ ಜಾಸ್ತಿ ಜಾಗ ತಿನ್ನುವುದಿಲ್ಲ. ಎಸ್‌ಆರ್‌ಜಿಬಿಯೇ ಯಾಕೆ, ಈಗಿನ ಫೋನುಗಳು ಪಿ3 ತೋರಿಸುತ್ತವಲ್ಲ? ಕಾರಣ ಇದು. ಕೆಲವು ತಾಣಗಳು ಫೋಟೋ ಕುಗ್ಗಿಸುವಾಗ ಪ್ರೊಫೈಲನ್ನು ಕಿತ್ತು ಬಿಸಾಡುತ್ತವೆ. ಪ್ರೊಫೈಲ್ ಇಲ್ಲದ ಫೋಟೋವನ್ನು ಹೆಚ್ಚಿನ ಬ್ರೌಸರುಗಳು ಎಸ್‌ಆರ್‌ಜಿಬಿ ಅಂತಲೇ ಓದುತ್ತವೆ. ನಿಮ್ಮ ಫೈಲ್ ನಿಜಕ್ಕೂ ಎಸ್‌ಆರ್‌ಜಿಬಿ ಆಗಿದ್ದರೆ ಪ್ರೊಫೈಲ್ ಹೋದರೂ ನಷ್ಟವಿಲ್ಲ. ಪಿ3 ಆಗಿದ್ದರೆ ಬಣ್ಣ ಮಂಕು.

ಗಾತ್ರದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಉದ್ದದ ಬದಿ 1600ರಿಂದ 2048 ಪಿಕ್ಸೆಲ್ ಇದ್ದರೆ ಆಯಿತು. ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವುದು, 72 ಇರಬೇಕು ಅನ್ನುವ ಮಾತಿಗೆ ತೆರೆಯ ಮಟ್ಟಿಗೆ ಅರ್ಥವಿಲ್ಲ. ಶಾರ್ಪ್ ಮಾಡುವುದು ಚಿಕ್ಕದು ಮಾಡಿದ ಮೇಲೆ.

ಜೆಪೆಗ್ ಉಳಿಸುವಾಗ ಮಾತ್ರ ಒಂದು ಕಡೆ ಗಮನ ಕೊಡಿ. ಫೈಲ್ ಸಣ್ಣದು ಮಾಡಲು ಜೆಪೆಗ್ ಹೊಳಪನ್ನು ಪ್ರತಿ ಚುಕ್ಕೆಗೂ ಇಟ್ಟು, ಬಣ್ಣವನ್ನು ನಾಲ್ಕು ಚುಕ್ಕೆಗೆ ಒಂದರಂತೆ ಇಡುವುದುಂಟು. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ 4:2:0 ಅಂದರೆ ಇದೇ. ಗುಡ್ಡ, ತೋಟ, ಆಕಾಶಕ್ಕೆ ಏನೂ ಗೊತ್ತಾಗದು. ಆದರೆ ಕಪ್ಪು ಮೈಗೆ ತಾಗಿದ ಕೆಂಪು ಅಂಚಿನ ಸಣ್ಣ ಗೆರೆಗಳು ಕಲಸಿಹೋಗುತ್ತವೆ. ಸಾಫ್ಟ್‌ವೇರಿನಲ್ಲಿ ಬಣ್ಣವನ್ನೂ ಪ್ರತಿ ಚುಕ್ಕೆಗೆ ಇಡುವ 4:4:4 ಆಯ್ಕೆ ಇದ್ದರೆ ಬಟ್ಟೆಯ ಫೋಟೋಗೆ ಅದನ್ನೇ ಹಾಕಿ. ಗುಣಮಟ್ಟ 85, 90ರ ಆಸುಪಾಸು ಇರಲಿ. ಜೆಪೆಗ್‌ನಂಥದ್ದೇ ಇನ್ನೊಂದು ಬಗೆಯ, ಕುಗ್ಗಿಸಿ ಉಳಿಸುವ ಸಾಮಾನ್ಯ ವೆಬ್‌ಪಿ ಫೈಲಿನಲ್ಲಿ ಈ ಆಯ್ಕೆಯೇ ಇಲ್ಲ, ಅದು ಯಾವಾಗಲೂ 4:2:0.

ವಾಟ್ಸ್ಆ್ಯಪಿನಲ್ಲಿ ಫೋಟೋವಾಗಿ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ. ಗಿರಾಕಿಗೆ ಬಣ್ಣ ತೋರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ. ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಕಳಿಸುವ ಅಭ್ಯಾಸ ಇದ್ದರೆ ಅದನ್ನು ಬಿಟ್ಟುಬಿಡಿ.

ಇಷ್ಟೆಲ್ಲ ಮಾಡಿದರೂ ನೋಡುವವರ ತೆರೆ ನಮ್ಮ ಕೈಯಲ್ಲಿಲ್ಲ. ಒಬ್ಬರ ಫೋನ್ ವಿವಿಡ್‌ನಲ್ಲಿರುತ್ತದೆ, ಇನ್ನೊಬ್ಬರದ್ದು ರಾತ್ರಿಯ ಹಳದಿಯಲ್ಲಿ. ಅವರಿಗೆ ಸರಿಹೋಗಲಿ ಅಂತ ಫೈಲನ್ನು ಆ ಕಡೆ ಈ ಕಡೆ ಎಳೆಯಬೇಡಿ. ಒಬ್ಬರಿಗೆ ಸರಿ ಮಾಡಿದ್ದು ಇನ್ನೊಬ್ಬರಿಗೆ ತಪ್ಪಾಗುತ್ತದೆ. ಅದರ ಬದಲು, ಸೀರೆಯ ಹತ್ತಿರದ ಒಂದು ಫೋಟೋದಲ್ಲಿ ಗ್ರೇ ಕಾರ್ಡಿನ ತುಂಡು ಪಕ್ಕದಲ್ಲಿರಲಿ. ಆ ಬೂದು ತನ್ನ ಫೋನಿನಲ್ಲಿ ಹಳದಿ ಕಂಡರೆ ಸೀರೆಯೂ ಅಷ್ಟೇ ಹಳದಿಗೆ ತಿರುಗಿದೆ ಅಂತ ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಕೆಳಗೆ ಮಾತಿನಲ್ಲೂ ಬರೆಯಿರಿ: ಯಾವ ಬೆಳಕಿನಲ್ಲಿ ತೆಗೆದದ್ದು, ಬಿಸಿಲಿನಲ್ಲಿ ನೋಡಿದರೆ ಯಾವ ಕಡೆಗೆ ವಾಲುತ್ತದೆ, ಕುಂಕುಮವಾ ಇಟ್ಟಿಗೆಯಾ. ಮದುವೆಗೆ ಬ್ಲೌಸ್ ಹೊಂದಿಸಬೇಕು ಅನ್ನುವವರಿಗೆ ಅದೇ ಬಣ್ಣದ ನೂಲಿನ ಒಂದು ತುಂಡನ್ನು ಲಕೋಟೆಯಲ್ಲಿ ಹಾಕಿ ಮೊದಲೇ ಪೋಸ್ಟ್ ಮಾಡುವುದು ಒಳ್ಳೆಯದು. ಆ ಮಟ್ಟದ ಹೊಂದಾಣಿಕೆಗೆ ಯಾವ ಫೋಟೋವೂ ಸಾಲದು. ಎರಡು ಬಟ್ಟೆ ಒಂದು ಬೆಳಕಿನಲ್ಲಿ ಒಂದೇ ಥರ ಕಂಡು, ಮದುವೆ ಹಾಲಿನ ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣುವುದೂ ಉಂಟು, ಅದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಕೊನೆಯದಾಗಿ, ಎಸ್‌ಆರ್‌ಜಿಬಿ ಪ್ರತಿ ಮಾಡಿದ ಮೇಲೆ ಮೂಲ ಫೈಲನ್ನು ಅಳಿಸಬೇಡಿ. ಆನ್‌ಲೈನಿಗೆ ಕತ್ತರಿಸಿದ ಬಣ್ಣ ಆ ಪ್ರತಿಗೆ ಮತ್ತೆ ಬಾರದು. ರಾ ಫೈಲನ್ನು, ಅದರ ಜೊತೆ ಗ್ರೇ ಕಾರ್ಡಿನ ಫೋಟೋವನ್ನು ಒಂದೇ ಫೋಲ್ಡರಿನಲ್ಲಿಟ್ಟು, ಬೇರೆ ಹಾರ್ಡ್‌ಡಿಸ್ಕಿಗೂ ಒಂದು ಪ್ರತಿ ಹಾಕಿ. ಮುಂದೆ ಪಿ3 ಪ್ರತಿ ಬೇಕಾದರೂ, ಪುಸ್ತಕದಲ್ಲಿ ಅಚ್ಚು ಹಾಕಿಸಬೇಕಾದರೂ ಅಲ್ಲಿಂದಲೇ ಹೊಸದಾಗಿ ತೆಗೆಯಬಹುದು.